ಇನ್ನಾಸಪ್ಪನನ್ನು ನರಕಕ್ಕೆ ಕಳಿಸಿದವರು ಯಾರು?

ಪ್ರಿಯರೇ,

ನಿಮ್ಮ ಕತೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಸುಮ್ಮನೆ ಹಿಂದಿರುಗಿಸಲೂ ಮನಸ್ಸು ಬರುತ್ತಿಲ್ಲ. ಹನ್ನೊಂದನೆಯ ಪುಟದಲ್ಲಿ ನಿಜವಾದ ಕತೆಯೊಂದು ಕುಳಿತಿದೆ.

ಹೇಮಾವತಿ ಹಿನ್ನೀರಿಗೆ ಹೊಲ ಕಳೆದುಕೊಂಡ ಶೆಟ್ಟಿಹಳ್ಳಿಯ ಇನ್ನಾಸಪ್ಪ ತಮ್ಮನ ಪಾಲಿನ ಪರಿಹಾರದ ಹಣವನ್ನೂ ನುಂಗಿ, ಹಾಸನದಲ್ಲಿ ಮನೆ ಕಟ್ಟಿ, ಒಂದು ದಿನ ಸಾಯುತ್ತಾನೆ. ಇಲ್ಲಿಯವರೆಗೆ ನಿಮ್ಮ ಕೈ ಪಳಗಿದ ಕೈ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಬೇಸಿಗೆಯಲ್ಲಿ ನೀರಿನಿಂದ ಮೇಲೆದ್ದಾಗ, ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ ತನ್ನ ಮದುವೆಯಾದ ಜಾಗ ಹುಡುಕುತ್ತಾನಲ್ಲ, ಆ ಸಾಲುಗಳನ್ನು ಓದಿ ಪುಟ ಮಡಿಚಿಟ್ಟುಕೊಂಡೆ.

ಆಮೇಲೆ ನರಕ ಬರುತ್ತದೆ, ಕತೆ ಹಳಿ ತಪ್ಪುತ್ತದೆ. ಲೂಸಿಫರ್, ಅಂದರೆ ಸೈತಾನ, ಸಿಂಹಾಸನದ ಮೇಲೆ ಕುಳಿತು ಲೆಕ್ಕ ಓದಿಸುತ್ತಾನೆ, ದೂತರು ಇನ್ನಾಸಪ್ಪನನ್ನು ಎಣ್ಣೆಯ ಕೊಪ್ಪರಿಗೆಗೆ ಎಸೆಯುತ್ತಾರೆ. ಹೆಸರು ಲೂಸಿಫರ್, ಕೆಲಸ ಯಮನದು. ಕ್ರೈಸ್ತರ ಸೈತಾನ ನರಕದ ಒಡೆಯನಲ್ಲ, ಅಲ್ಲಿನ ಕೈದಿ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ಪ್ರಕಾರ ಆ ಬೆಂಕಿ ಸಿದ್ಧವಾದದ್ದೇ ಅವನಿಗೂ ಅವನ ದೂತರಿಗೂ. ದೇವರಿಗೆ ತಿರುಗಿಬಿದ್ದು ಸ್ವರ್ಗದಿಂದ ಬಿದ್ದ ಈ ದೂತರು ಹುಟ್ಟಿನಿಂದ ಕೆಟ್ಟವರೂ ಅಲ್ಲ. ದೇವರು ಅವರನ್ನು ಒಳ್ಳೆಯವರಾಗಿಯೇ ಸೃಷ್ಟಿಸಿದ, ಕೆಟ್ಟದ್ದು ಅವರ ಸ್ವಂತ ಆಯ್ಕೆ ಎಂದು 1215ರಲ್ಲಿ ರೋಮಿನಲ್ಲಿ ಸೇರಿದ ಕಥೋಲಿಕ ಬಿಷಪ್ಪರ ಲ್ಯಾಟರನ್ ಮಹಾಸಭೆ ಸ್ಪಷ್ಟವಾಗಿ ಹೇಳಿತು. ಲೂಸಿಫರ್ ಎಂಬ ಲ್ಯಾಟಿನ್ ಮಾತಿಗೆ ಅರ್ಥ ಬೆಳಕು ತರುವವನು, ನಮ್ಮ ಬೆಳ್ಳಿ ಚುಕ್ಕಿ. ಬಾಬಿಲೋನಿನ ರಾಜನನ್ನು ಹಂಗಿಸುತ್ತಾ ಪ್ರವಾದಿ ಯೆಶಾಯ ಆಕಾಶದಿಂದ ಬಿದ್ದ ಬೆಳ್ಳಿಯ ಮಾತೆತ್ತುತ್ತಾನೆ. ಸೈತಾನನ ಪತನವನ್ನು ಅದರಲ್ಲಿ ಓದಿದವರು ನಂತರದ ಕ್ರೈಸ್ತ ಗುರುಗಳು. ಇನ್ನಾಸಪ್ಪ ಹಾಲು ಕರೆಯಲು ಏಳುವಾಗ ನೀವೇ ಬೆಳ್ಳಿ ಮೂಡಿಸಿದ್ದೀರಿ. ಒಳ್ಳೆಯ ಅಣ್ಣನಾಗಿದ್ದವನು ಬಿದ್ದದ್ದು ಹೇಗೆ ಎಂಬುದಕ್ಕೆ ಅದಕ್ಕಿಂತ ಭಯಂಕರವಾದ ಚಿತ್ರ ಯಾವುದಿದೆ? ನೀವು ಅದನ್ನು ದಾಟಿ ಕೊಪ್ಪರಿಗೆಗೆ ಓಡಿದಿರಿ.

ಕೊನೆಯಲ್ಲಿ ಅವನು ತಮ್ಮನ ಕೊಟ್ಟಿಗೆಯಲ್ಲಿ ಎತ್ತಾಗಿ ಹುಟ್ಟಿ ಸಾಲ ತೀರಿಸುವುದನ್ನಂತೂ ನಾನು ಒಪ್ಪಲಾರೆ. ಕ್ರೈಸ್ತನಿಗೆ ಆತ್ಮ ಒಂದು, ದೇಹ ಒಂದು, ಸಾವು ಒಂದೇ ಸಲ, ಆಮೇಲೆ ತೀರ್ಪು. ಕೊನೆಯ ದಿನ ಎದ್ದುಬರುವುದೂ ಇದೇ ದೇಹ. ತಮ್ಮನ ಮನೆಗೆ ನಡೆದುಹೋಗಿ ಹಣ ಕೊಡಲು ಇನ್ನಾಸಪ್ಪನಿಗೆ ಇದ್ದದ್ದು ಈ ಜನ್ಮ ಮಾತ್ರ. ಆ ಭಯವನ್ನು ನೀವು ಅವನಿಂದ ಕಸಿದುಕೊಂಡಿದ್ದೀರಿ.

ಈಗ ಹನ್ನೊಂದನೆಯ ಪುಟ. ನವೆಂಬರ್ 2, ಮೃತರ ಸ್ಮರಣೆಯ ದಿನ. ಹೆಂಡತಿ ಸಮಾಧಿಯ ಮುಂದೆ ಮೇಣದಬತ್ತಿ ಹಚ್ಚುತ್ತಾಳೆ. ಗಾಳಿಗೆ ಸೆರಗು ಅಡ್ಡ ಹಿಡಿಯುತ್ತಾಳೆ. ಕರಗಿದ ಮೇಣ ಹೆಬ್ಬೆರಳಿನ ಮೇಲೆ ಬಿದ್ದು ಬೆಳ್ಳಗೆ ಗಟ್ಟಿಯಾಗುತ್ತದೆ, ಆಕೆ ಒರೆಸಿಕೊಳ್ಳುವುದಿಲ್ಲ. ಆರು ಸಾಲು, ಅಷ್ಟೇ.

ಆಕೆ ಏಕೆ ಪ್ರಾರ್ಥಿಸುತ್ತಾಳೆ ಎಂದು ನೀವು ಕೇಳಿಕೊಂಡಿದ್ದೀರಾ? ಗಂಡ ಸ್ವರ್ಗದಲ್ಲಿದ್ದರೆ ಪ್ರಾರ್ಥನೆ ಬೇಕಿಲ್ಲ, ನರಕದಲ್ಲಿದ್ದರೆ ಫಲವಿಲ್ಲ. ಕಥೋಲಿಕರು ಪ್ರಾರ್ಥಿಸುವುದು ಶುದ್ಧೀಕರಣ ಸ್ಥಳದಲ್ಲಿ, ಅಂದರೆ ಸ್ವರ್ಗ ಸೇರುವ ಮುನ್ನ ಕಲ್ಮಷ ಕಳೆದುಕೊಳ್ಳುವ ಸ್ಥಿತಿಯಲ್ಲಿ, ಇರುವ ಆತ್ಮಗಳಿಗಾಗಿ. (ಸಿಎಸ್ಐ, ಅಂದರೆ ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಸಭೆಯ ಕುಟುಂಬವಾಗಿದ್ದರೆ ಈ ದೃಶ್ಯವೇ ಬೇರೆಯಾಗುತ್ತಿತ್ತು. ಶುದ್ಧೀಕರಣ ಸ್ಥಳವನ್ನು 16ನೆಯ ಶತಮಾನದ ಪ್ರಾಟೆಸ್ಟಂಟ್ ಸುಧಾರಕರು ತಳ್ಳಿಹಾಕಿದರು, ಸತ್ತವರಿಗಾಗಿ ಪ್ರಾರ್ಥಿಸುವುದನ್ನೂ ಅವರಲ್ಲಿ ಹಲವರು ಒಪ್ಪಲಿಲ್ಲ.) ಆಕೆಗೆ ತಮ್ಮನ ಹಣದ ವಿಷಯ ಗೊತ್ತು. ಗಂಡ ಎಲ್ಲಿದ್ದಾನೆಂದು ಗೊತ್ತಿಲ್ಲ. ಆದರೂ ಬತ್ತಿ ಹಚ್ಚುತ್ತಾಳೆ. ಕಥೋಲಿಕ ಸಭೆ ಎಷ್ಟೋ ಜನರನ್ನು ಸಂತರೆಂದು ಘೋಷಿಸಿದೆ, ಆದರೆ ಇಂಥ ಮನುಷ್ಯ ನರಕದಲ್ಲಿದ್ದಾನೆಂದು ಒಬ್ಬನ ಹೆಸರನ್ನೂ ಇದುವರೆಗೆ ಸಾರಿಲ್ಲ. ಸಭೆ ಕೊಡದ ತೀರ್ಪನ್ನು ನೀವು ನಾಲ್ಕು ಪುಟಗಳಲ್ಲಿ ಕೊಟ್ಟುಬಿಟ್ಟಿದ್ದೀರಿ.

ಆ ನಾಲ್ಕು ಪುಟಗಳನ್ನು ತೆಗೆಯಿರಿ, ಎತ್ತನ್ನೂ ತೆಗೆಯಿರಿ. ತಮ್ಮನನ್ನು ಆ ಸಮಾಧಿಯ ಬಳಿಗೆ ಕರೆತನ್ನಿ. ಅವನು ಬತ್ತಿ ಹಚ್ಚುತ್ತಾನೋ ಇಲ್ಲವೋ, ನನಗೂ ತಿಳಿಯಬೇಕಿದೆ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ. ಇನ್ನೊಂದು ಮಾತು: ಆ ಹೆಂಗಸು ಕತೆಯುದ್ದಕ್ಕೂ ಬರಿಯ ‘ಹೆಂಡತಿ’ಯಾಗಿಯೇ ಉಳಿದಿದ್ದಾಳೆ. ಆಕೆಗೊಂದು ಹೆಸರಿಡಿ.

ವಿಶ್ವಾಸದಿಂದ,
ಸಂಪಾದಕ