ಸಿಹಿ-ಖಾರ ಪಾಕದ ಗರಿಗರಿ ಚಿಕನ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮೂಳೆಯಿಲ್ಲದ ಚಿಕನ್‌ಗೆ ಬ್ರೆಡ್ ಪುಡಿ ಮೆತ್ತಿ ಕರಿದು, ಮೇಲೆ ಸಿಹಿ-ಖಾರದ ಪಾಕ ಸವರುವ ತಿನಿಸಿನ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಅಳತೆಯೆಲ್ಲ ಅರ್ಧ ಕೆಜಿ ಮಾಂಸಕ್ಕೆ. ಚಮಚ ಎಂದಲ್ಲಿ 5 ಮಿ.ಲೀ., ದೊಡ್ಡ ಚಮಚ ಎಂದಲ್ಲಿ 15 ಮಿ.ಲೀ.

ಪ್ರಶ್ನೆ: ಎಣ್ಣೆಗೆ ಬಿಟ್ಟ ಕೂಡಲೇ ಬ್ರೆಡ್ ಪುಡಿ ಕಳಚಿಕೊಳ್ಳುತ್ತದೆ. ಮೊಟ್ಟೆಯಲ್ಲಿ ಎರಡೆರಡು ಸಲ ಅದ್ದಿದರೂ ನಿಲ್ಲುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? (ದಾವಣಗೆರೆ)

ಎರಡು ಸಲ ಅದ್ದಿದಷ್ಟೂ ಹೊದಿಕೆ ಭಾರವಾಗಿ ಇನ್ನೂ ಬೇಗ ಕಳಚುತ್ತದೆ. ಬಿಟ್ಟುಕೊಳ್ಳುತ್ತಿರುವ ಜಾಗ ಮಾಂಸಕ್ಕೂ ಮೈದಾಕ್ಕೂ ನಡುವೆ ಇದೆ. ತೊಳೆದ ಚಿಕನ್ನನ್ನು ನೀರು ಸೋರುತ್ತಿರುವಾಗಲೇ ಮೈದಾಕ್ಕೆ ಹಾಕಿದರೆ ಅಲ್ಲಿ ಗೋಂದಿನಂಥ ದಪ್ಪ ಪದರ ಕೂರುತ್ತದೆ. ಬಿಸಿ ಎಣ್ಣೆಗೆ ಬಿದ್ದಾಗ ಅದರಡಿಯ ನೀರು ಆವಿಯಾಗಿ ಇಡೀ ಹೊದಿಕೆಯನ್ನೇ ಎತ್ತಿಬಿಡುತ್ತದೆ.

ಎದೆಯ ಭಾಗವನ್ನು ಅಡ್ಡಕ್ಕೆ ಸೀಳಿ, ಎಲ್ಲ ಕಡೆ ಸುಮಾರು 1 ಸೆಂ.ಮೀ. ದಪ್ಪ ಬರುವಂತೆ ತಟ್ಟಿಕೊಳ್ಳಿ. 1 ಚಮಚ ಉಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ, 1 ಚಮಚ ಬೆಳ್ಳುಳ್ಳಿ ಪೇಸ್ಟ್ ಸವರಿ ಫ್ರಿಜ್‌ನಲ್ಲಿ ಒಂದು ಗಂಟೆ ಇಡಿ. ಉಪ್ಪು ಮೊದಲು ನೀರು ಬಿಡಿಸುತ್ತದೆ, ಆಮೇಲೆ ಅದರಲ್ಲಿ ಸ್ವಲ್ಪ ಮಾಂಸಕ್ಕೇ ಮರಳುತ್ತದೆ. ಉಪ್ಪು ಹಚ್ಚಿ ಹತ್ತು ನಿಮಿಷಕ್ಕೇ ಮೈದಾಕ್ಕೆ ಇಳಿಸಿದರೆ ಮೇಲ್ಮೈ ಅತಿ ಒದ್ದೆಯಿರುವ ಹೊತ್ತಿಗೆ ಸರಿಯಾಗಿ ಸಿಕ್ಕಿಹಾಕಿಕೊಂಡಂತೆ. ಗಂಟೆ ಕಳೆದ ಮೇಲೆ ಒಣ ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಮುಟ್ಟಿದರೆ ಕೈಗೆ ಅಂಟಬೇಕು, ಜಾರಬಾರದು.

60 ಗ್ರಾಂ ಮೈದಾ, 20 ಗ್ರಾಂ ಕಾರ್ನ್‌ಫ್ಲೋರ್ ಒಂದು ತಟ್ಟೆಯಲ್ಲಿ. ಎರಡು ಮೊಟ್ಟೆಗೆ 1 ಚಮಚ ನೀರು ಬೆರೆಸಿ, ಬಿಳಿಯ ಲೋಳೆ ಎಳೆಯಾಗಿ ಜೋತಾಡದಷ್ಟು ಕಡೆದು ಇನ್ನೊಂದರಲ್ಲಿ. ಮೂರನೆಯದರಲ್ಲಿ 120 ಗ್ರಾಂ ಬ್ರೆಡ್ ಪುಡಿ. ಮೈದಾದಲ್ಲಿ ಹೊರಳಿಸಿದ ಮೇಲೆ ಜೋರಾಗಿ ಕೊಡವಿ. ಹಿಟ್ಟು ಕಂಡೂ ಕಾಣದಂತಿದ್ದರೆ ಸಾಕು. ಮೊಟ್ಟೆಯನ್ನು ಪೂರ್ತಿ ತೊಟ್ಟಿಕ್ಕಲು ಬಿಡಿ. ಪುಡಿಯಲ್ಲಿ ಉರುಳಿಸಬೇಡಿ, ಮೇಲಿನಿಂದ ಸುರಿದು ಅಂಗೈಯಿಂದ ಒತ್ತಿ. ಆಮೇಲೆ ಜಾಲರಿಯ ಮೇಲೆ ಫ್ರಿಜ್‌ನಲ್ಲಿ 15 ನಿಮಿಷ. ಹೆಚ್ಚಿನವರು ಬಿಡುವುದು ಇದೊಂದನ್ನೇ. ಮೈದಾ ಮೊಟ್ಟೆಯನ್ನು ಹೀರಿ ಅಂಟಾಗುವುದು ಈ ಹೊತ್ತಿನಲ್ಲಿ. ಎಣ್ಣೆಗೆ ಬಿಟ್ಟ ಮೊದಲ ಒಂದೂವರೆ ನಿಮಿಷ ಸೌಟು ತಾಗಿಸಬೇಡಿ, ಮೊಟ್ಟೆ ಗಟ್ಟಿಯಾಗಿ ಹಿಡಿದುಕೊಳ್ಳಲಿ.

ಪ್ರಶ್ನೆ: ಎರಡೇ ನಿಮಿಷಕ್ಕೆ ಹೊರಗೆ ಕಂದು ಬಣ್ಣ, ಕತ್ತರಿಸಿದರೆ ಒಳಗೆ ಹಸಿ. ಉರಿ ಕಡಿಮೆ ಮಾಡಿದರೆ ಎಣ್ಣೆ ಕುಡಿಯುತ್ತದೆ. (ಹಾಸನ)

ಉರಿಗಿಂತ ಮೊದಲು ಬ್ರೆಡ್ಡನ್ನು ನೋಡಿ. ನಮ್ಮ ಬೇಕರಿಗಳ ಹಾಲು ಬ್ರೆಡ್‌ನಲ್ಲಿ ಸಕ್ಕರೆ ಚೆನ್ನಾಗಿಯೇ ಇರುತ್ತದೆ, ಅದು ಬೇಗ ಕಪ್ಪಾಗುತ್ತದೆ. ರಸ್ಕ್ ಪುಡಿ ಇನ್ನೂ ಸಿಹಿ. ಈ ಕೆಲಸಕ್ಕೆ ಬೇಡ. ಸಕ್ಕರೆ ಕಡಿಮೆಯಿರುವ ಸಾದಾ ಸ್ಯಾಂಡ್‌ವಿಚ್ ಬ್ರೆಡ್ ತಂದು, ಅಂಚು ತೆಗೆದು, ರಾತ್ರಿಯಿಡೀ ತೆರೆದಿಟ್ಟು ಒಣಗಿಸಿ. ಮಿಕ್ಸಿಯಲ್ಲಿ ಮೂರು ನಾಲ್ಕು ಸಲ ಬಿಟ್ಟುಬಿಟ್ಟು ತಿರುಗಿಸಿದರೆ ಸಾಕು, ಚಿರೋಟಿ ರವೆಯಷ್ಟು ನುಣ್ಣಗಾಗಬಾರದು. 110 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 15–20 ನಿಮಿಷ ಅಥವಾ ದಪ್ಪ ತವಾದ ಮೇಲೆ ಸಣ್ಣ ಉರಿಯಲ್ಲಿ, ಬಣ್ಣ ಬದಲಾಗದಂತೆ ಒಣಗಿಸಿ.

ಅಂಗಡಿಯಲ್ಲಿ ಸಿಗುವ ಜಪಾನಿನ ಪ್ಯಾಂಕೋ ಪುಡಿ ಬೆಲೆ ಜಾಸ್ತಿಯಾದರೂ ಈ ತಿನಿಸಿಗೆ ಚೆನ್ನಾಗಿ ಒಗ್ಗುತ್ತದೆ. ಅದರ ಬ್ರೆಡ್ಡನ್ನು ಹಿಟ್ಟಿನೊಳಗೆ ವಿದ್ಯುತ್ ಹರಿಸಿ ಬೇಯಿಸುತ್ತಾರೆ, ಹಾಗಾಗಿ ಕಂದು ಅಂಚೇ ಬರುವುದಿಲ್ಲ. ಪುಡಿ ಚೂಪು ಚೂರುಗಳಾಗಿ, ನಡುವೆ ಸಂದು ಬಿಟ್ಟುಕೊಂಡು ಕೂರುತ್ತದೆ. ಆ ಸಂದುಗಳಿಂದ ಆವಿ ಹೊರಹೋಗುವುದರಿಂದಲೇ ಗರಿಗರಿ ಹೆಚ್ಚು.

ಎಣ್ಣೆ 170 ಡಿಗ್ರಿ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಚಿಟಿಕೆ ಪುಡಿ ಹಾಕಿ ನೋಡಿ: ತಕ್ಷಣ ನೊರೆಯೆದ್ದು ಮೇಲೆ ಬರಬೇಕು, ಹತ್ತು ಸೆಕೆಂಡಿನೊಳಗೆ ಕಂದಾಗಬಾರದು. ಬಾಣಲೆಗೆ ಒಮ್ಮೆಗೆ ಮೂರು ತುಂಡು ಸಾಕು. ಹೆಚ್ಚು ಬಿಟ್ಟರೆ ಕಾವು ಇಳಿದು ನೀವು ಹೇಳಿದಂತೆ ಎಣ್ಣೆ ಕುಡಿಯುತ್ತದೆ. 1 ಸೆಂ.ಮೀ. ದಪ್ಪದ ತುಂಡಿಗೆ 4–5 ನಿಮಿಷ ಹಿಡಿಯುತ್ತದೆ. ನಡುಭಾಗದಲ್ಲಿ 74 ಡಿಗ್ರಿ ಬಂದರೆ ಬೆಂದಿದೆ. ಮೂಳೆಯಿರುವ ಲೆಗ್ ಪೀಸ್‌ಗೆ ಬ್ರೆಡ್ ಪುಡಿ ಹೊಂದುವುದಿಲ್ಲ, ಮೂಳೆ ಪಕ್ಕದ ಮಾಂಸ ಬೇಯುವಷ್ಟರಲ್ಲಿ ಪುಡಿ ಸುಟ್ಟಿರುತ್ತದೆ.

ಪ್ರಶ್ನೆ: ಕರಿದಾಗ ಚೆನ್ನಾಗಿರುತ್ತದೆ, ಪಾಕ ಹಾಕಿ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಗಟ್ಟಿಯಾಗಲೆಂದು ಕಾರ್ನ್‌ಫ್ಲೋರ್ ಸೇರಿಸಿದೆ, ಪ್ರಯೋಜನವಾಗಲಿಲ್ಲ. ಸರಿಯಾದ ಅಳತೆ ಕೊಡಿ. (ಮೈಸೂರು)

ಕಾರ್ನ್‌ಫ್ಲೋರ್ ಹಾಕಿದರೆ ಪಾಕ ಗಟ್ಟಿಯಾಗಿ ಕಾಣುತ್ತದೆ, ಆದರೆ ಒಳಗಿನ ನೀರು ಒಂದು ತೊಟ್ಟೂ ಕಡಿಮೆಯಾಗಿರುವುದಿಲ್ಲ. ಆ ನೀರೇ ಹೊದಿಕೆಗೆ ಇಳಿಯುತ್ತದೆ. ಇಲ್ಲಿ ಬೇಕಿರುವುದು ಕುದಿಸಿ ನೀರು ಹಿಂಗಿಸಿದ ಪಾಕ. ಸಿಹಿತಿಂಡಿ ಮಾಡಿ ಅಭ್ಯಾಸವಿರುವವರಿಗೆ ಇದು ಸಲೀಸು.

8 ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, 5 ಎಸಳು ಬೆಳ್ಳುಳ್ಳಿಯೊಂದಿಗೆ 3 ದೊಡ್ಡ ಚಮಚ ನೀರಿನಲ್ಲಿ ನುಣ್ಣಗೆ ರುಬ್ಬಿ ಸೋಸಿಕೊಳ್ಳಿ. 70 ಗ್ರಾಂ ಬೆಲ್ಲವನ್ನು 3 ದೊಡ್ಡ ಚಮಚ ನೀರಿನಲ್ಲಿ ಕರಗಿಸಿ ಅದನ್ನೂ ಸೋಸಿ. ಬೆಲ್ಲದ ಮರಳು ಹಲ್ಲಿಗೆ ಸಿಕ್ಕರೆ ಮಾಡಿದ್ದೆಲ್ಲ ವ್ಯರ್ಥ. 1 ಚಮಚ ಎಣ್ಣೆಯಲ್ಲಿ ಮೆಣಸಿನ ಪೇಸ್ಟ್ ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಬೆಲ್ಲದ ನೀರು, 1 ದೊಡ್ಡ ಚಮಚ ಸೋಯಾ ಸಾಸ್, 1 ದೊಡ್ಡ ಚಮಚ ಲಿಕ್ವಿಡ್ ಗ್ಲೂಕೋಸ್ ಹಾಕಿ ಮಧ್ಯಮ ಉರಿಯಲ್ಲಿ ಕುದಿಸಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಗ್ಲೂಕೋಸ್ ಸಿಗುತ್ತದೆ. ಬರೀ ಬೆಲ್ಲವಾದರೆ ಆರಿದ ಮೇಲೆ ಪಾಕ ಹರಳುಗಟ್ಟಿ ಒರಟಾಗುತ್ತದೆ, ಇದು ಅದನ್ನು ತಡೆಯುತ್ತದೆ. ಸೋಯಾ ಸಾಸ್‌ನಲ್ಲೇ ಉಪ್ಪಿದೆ, ಬೇರೆ ಹಾಕಬೇಡಿ.

ಮೊದಮೊದಲು ಗುಳ್ಳೆಗಳು ಸಣ್ಣಗೆ, ಅವಸರದಲ್ಲಿ ಒಡೆಯುತ್ತವೆ. ನಾಲ್ಕೈದು ನಿಮಿಷಕ್ಕೆ ಅವು ದೊಡ್ಡದಾಗಿ, ಹೊಳಪಾಗಿ, ನಿಧಾನವಾಗುತ್ತವೆ. ಆಗ ಒಂದು ಹನಿಯನ್ನು ಸ್ಟೀಲ್ ತಟ್ಟೆಗೆ ಬಿಟ್ಟು ಓರೆ ಮಾಡಿ. ಹನಿಯ ಸುತ್ತ ನೀರಿನ ಅಂಚು ಬಿಟ್ಟುಕೊಂಡರೆ ಇನ್ನೂ ಆಗಿಲ್ಲ. ಒಟ್ಟಾಗಿ ನಿಧಾನಕ್ಕೆ ಜಾರಿದರೆ, ಬೆರಳಲ್ಲಿ ಹಿಡಿದಾಗ ಒಂದೆಳೆ ಬಂದೂ ಬಾರದಂತಿದ್ದರೆ ಇಳಿಸಿ. ಎರಡೆಳೆಗೆ ಹೋದರೆ ತಣಿದಾಗ ಗಟ್ಟಿಯಾಗುತ್ತದೆ. ಚಮಚ ನೀರು ಹಾಕಿ ಮತ್ತೆ ಕುದಿಸಿದರೆ ಸರಿಹೋಗುತ್ತದೆ. ಇಳಿಸಿದ ಮೇಲೆ 10 ಗ್ರಾಂ ಬೆಣ್ಣೆ, ಕೊನೆಗೆ 1 ದೊಡ್ಡ ಚಮಚ ವಿನೆಗರ್. ಮೊದಲೇ ಹಾಕಿದರೆ ವಿನೆಗರ್‌ನ ಹುಳಿ ಕುದಿಯುವಾಗಲೇ ಹಾರಿಹೋಗಿ ಪಾಕ ಬರೀ ಸಿಹಿ ಹೊಡೆಯುತ್ತದೆ.

ಕರಿದ ತುಂಡುಗಳನ್ನು ಕಾಗದದ ಮೇಲೆ ಒರಗಿಸಿಟ್ಟರೆ ಅಡಿಭಾಗ ತನ್ನದೇ ಆವಿಯಲ್ಲಿ ಬೆವರುತ್ತದೆ. ಜಾಲರಿಯ ಮೇಲೆ ಎರಡು ನಿಮಿಷ ಬಿಡಿ. ಪಾಕ ಬೆಚ್ಚಗಿರಲಿ: ಕುದಿಯುತ್ತಿದ್ದರೆ ತೆಳ್ಳಗಾಗಿ ಸಂದುಗಳಿಗೆ ಇಳಿಯುತ್ತದೆ, ತಣ್ಣಗಿದ್ದರೆ ಬ್ರಷ್ ಜೊತೆ ಪುಡಿಯೇ ಕಿತ್ತು ಬರುತ್ತದೆ. ಬಟ್ಟಲಿನಲ್ಲಿ ಹಾಕಿ ಕುಲುಕುವ ಪದ್ಧತಿ ಬ್ರೆಡ್ ಪುಡಿಗೆ ಆಗದು. ಮೇಲ್ಭಾಗಕ್ಕಷ್ಟೇ ಬ್ರಷ್‌ನಿಂದ ಸವರಿ, ಅಡಿ ಒಣಗಿರಲಿ. ಅರ್ಧ ಕೆಜಿಗೆ ಆರೇಳು ದೊಡ್ಡ ಚಮಚಕ್ಕಿಂತ ಹೆಚ್ಚು ಬೇಡ.

ಪ್ರಶ್ನೆ: ಕೊರಿಯನ್ ಚಿಕನ್‌ನ ರುಚಿ ಬರಬೇಕು. ಗೊಚುಜಾಂಗ್ ಬದಲು ನಮ್ಮ ಮೆಣಸಿನಕಾಯಿ ಆಗುತ್ತದೆಯೇ? (ಬೆಂಗಳೂರು)

ಬಣ್ಣ ಬರುತ್ತದೆ, ಖಾರವೂ ಬರುತ್ತದೆ, ಹುದುಗಿನ ರುಚಿ ಬರುವುದಿಲ್ಲ. ಗೊಚುಜಾಂಗ್ ಎಂದರೆ ಮೆಣಸಿನಪುಡಿ, ಅಂಟಕ್ಕಿ, ಸೋಯಾಕಾಳು ಸೇರಿಸಿ ಹುದುಗಿಸಿದ ಪೇಸ್ಟ್. ಸಿಕ್ಕರೆ ಮೆಣಸಿನ ಪೇಸ್ಟ್ ಬದಲು 2 ದೊಡ್ಡ ಚಮಚ ಹಾಕಿ, ಸೋಯಾ ಸಾಸ್ ಅರ್ಧಕ್ಕಿಳಿಸಿ. ಸಿಗದಿದ್ದರೆ ಬ್ಯಾಡಗಿಯಲ್ಲೂ ಡಬ್ಬಿ ತಳಿ ಹುಡುಕಿ, ಅದು ಕಡ್ಡಿ ತಳಿಗಿಂತ ಕಡಿಮೆ ಖಾರ, ಹೆಚ್ಚು ಕೆಂಪು. ಖಾರ ಬೇಕೆನ್ನುವವರು ಎರಡು ಗುಂಟೂರು ಸೇರಿಸಲಿ.

ಇನ್ನೊಂದು ಮಾತು. ಕೊರಿಯಾದ ಯಾಂಗ್‌ನ್ಯೊಮ್ ಚಿಕನ್‌ಗೆ, ಅಂದರೆ ಸಿಹಿ-ಖಾರದ ಪಾಕ ಹಚ್ಚಿದ ಕರಿದ ಚಿಕನ್‌ಗೆ, ಸಾಮಾನ್ಯವಾಗಿ ಬ್ರೆಡ್ ಪುಡಿ ಹಾಕುವುದಿಲ್ಲ. ಪಿಷ್ಟದ ತೆಳು ಹೊದಿಕೆ ಕೊಟ್ಟು, ಹೆಚ್ಚಿನ ಅಂಗಡಿಗಳಲ್ಲಿ ಎರಡು ಸಲ ಕರಿಯುತ್ತಾರೆ. ಪಾಕದ ಹೊಳಪು ಮುಲ್ಯೊತ್ ಎಂಬ ಪಿಷ್ಟದ ಸಿರಪ್‌ನದು. ನಮ್ಮ ಅಳತೆಯ ಲಿಕ್ವಿಡ್ ಗ್ಲೂಕೋಸ್ ಆ ಜಾಗದಲ್ಲೇ ನಿಂತಿದೆ. ಜೇನುತುಪ್ಪ ಹಾಕುವುದಾದರೆ ಬೆಣ್ಣೆಯ ಜೊತೆ ಕೊನೆಯಲ್ಲಿ ಹಾಕಿ, ಕುದಿಸಿದರೆ ಅದರ ಪರಿಮಳ ಹೋಗುತ್ತದೆ.

ಪ್ರಶ್ನೆ: ಏರ್ ಫ್ರೈಯರ್‌ನಲ್ಲಿ ಮಾಡಿದರೆ ಪುಡಿ ಬಿಳಿಯಾಗಿಯೇ ಉಳಿಯುತ್ತದೆ. ಮೊಟ್ಟೆ ಬಿಟ್ಟು ಮಾಡಬಹುದೇ? (ಹುಬ್ಬಳ್ಳಿ)

ಪುಡಿಗೆ ಮೊದಲೇ 2 ದೊಡ್ಡ ಚಮಚ ಎಣ್ಣೆ ಕಲಸಿ ತವಾದಲ್ಲಿ ತಿಳಿ ಹೊಂಬಣ್ಣಕ್ಕೆ ಹುರಿದು, ಆರಿಸಿ ಬಳಸಿ. 190 ಡಿಗ್ರಿಯಲ್ಲಿ 10–12 ನಿಮಿಷ, ನಡುವೆ ಒಮ್ಮೆ ಮಗುಚಿ. ಮೊಟ್ಟೆ ಬದಲು 4 ದೊಡ್ಡ ಚಮಚ ಮೈದಾ, 2 ದೊಡ್ಡ ಚಮಚ ಕಾರ್ನ್‌ಫ್ಲೋರ್‌ಗೆ ಸುಮಾರು 100 ಮಿ.ಲೀ. ನೀರು ಸೇರಿಸಿ, ಬೆರಳಿಗೆ ತೆಳ್ಳಗೆ ಹತ್ತುವ ಹದಕ್ಕೆ ಕಲಸಿಕೊಳ್ಳಿ. ಹಿಡಿತ ಮೊಟ್ಟೆಯಷ್ಟು ಇರುವುದಿಲ್ಲ, ಹಾಗಾಗಿ ಮಗುಚುವಾಗ ಇಕ್ಕಳ ಬಿಟ್ಟು ಚಪ್ಪಟೆ ಸೌಟು ಬಳಸಿ.

ಪ್ರಶ್ನೆ: ಬೆಳಿಗ್ಗೆ ಮಾಡಿ ಮಧ್ಯಾಹ್ನದ ಡಬ್ಬಿಗೆ ಹಾಕಬಹುದೇ? (ಉಡುಪಿ)

ಪಾಕ ಸವರಿ ಮುಚ್ಚಳ ಹಾಕಿದರೆ ಗರಿಗರಿಯ ಆಸೆ ಬಿಡಿ. ತುಂಡು ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ, ಪಾಕವನ್ನು ಬೇರೆ ಕರಡಿಗೆಯಲ್ಲಿ ಕೊಡಿ. ಸೆಕೆಗಾಲದಲ್ಲಿ ಕರಿದ ಚಿಕನ್ ಒಂದು ಗಂಟೆಗಿಂತ ಹೆಚ್ಚು ಹೊರಗಿರುವುದು ಒಳ್ಳೆಯದಲ್ಲ, ಆಫೀಸಿನಲ್ಲಿ ಫ್ರಿಜ್ ಇದ್ದರೆ ಮಾತ್ರ ಒಯ್ಯಿರಿ. ಮತ್ತೆ ಬಿಸಿ ಮಾಡಲು ಮೈಕ್ರೋವೇವ್ ಬೇಡ. ಓವನ್ ಅಥವಾ ಏರ್ ಫ್ರೈಯರ್‌ನಲ್ಲಿ 180 ಡಿಗ್ರಿಗೆ 5–6 ನಿಮಿಷ, ಒಳಗೂ ಹೊಗೆಯಾಡುವಷ್ಟು ಬಿಸಿಯಾದ ಮೇಲೆ ಪಾಕ. ಉಳಿದ ಪಾಕ ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಚಿಕನ್‌ಗೆ ತಾಗಿದ ಬ್ರಷ್ಷನ್ನು ಅದಕ್ಕೆ ಅದ್ದಬೇಡಿ, ಬೇಕಾದಷ್ಟನ್ನು ಮೊದಲೇ ಬೇರೆ ಬಟ್ಟಲಿಗೆ ತೆಗೆದುಕೊಳ್ಳಿ.