ಮನೆ ಮಾರ್ಪಾಡು: ಪರಿಣತಿ ಗಳಿಸುವುದು ಹೇಗೆ?

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ಎರಡು ವರ್ಷಗಳಿಂದ ಆಕ್ಯುಪೇಷನಲ್ ಥೆರಪಿಸ್ಟ್ (ರೋಗಿಗಳು ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳುವಂತಾಗಲು ನೆರವಾಗುವ ಚಿಕಿತ್ಸಕ) ಆಗಿದ್ದೇನೆ. ಪಾರ್ಶ್ವವಾಯುವಿಗೆ ಚಿಕಿತ್ಸೆ ಪಡೆದು ಮನೆಗೆ ಮರಳುವವರು ಬಚ್ಚಲಿನಲ್ಲಿ, ಮೆಟ್ಟಿಲಿನಲ್ಲಿ ಏನು ಬದಲಾಯಿಸಬೇಕೆಂದು ಕೇಳಿದರೆ ಪುಸ್ತಕದಲ್ಲಿ ಓದಿದ್ದನ್ನಷ್ಟೇ ಹೇಳುತ್ತೇನೆ. ಇದರಲ್ಲಿ ಪರಿಣತಿ ಗಳಿಸುವುದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆಸ್ಪತ್ರೆಯಲ್ಲಿ ಕುಳಿತು ಈ ವಿದ್ಯೆ ಕೈಹತ್ತುವುದಿಲ್ಲ. ಮನೆಗೇ ಹೋಗಬೇಕು, ಸಾಧ್ಯವಾದರೆ ಅವರು ಸ್ನಾನಕ್ಕೆ ಹೊರಡುವ ಹೊತ್ತಿಗೇ ಹೋಗಿ, ಟೇಪು ಬಿಚ್ಚುವ ಮೊದಲು, ಬಾಗಿಲಿನಿಂದ ಬಕೆಟ್ಟಿನವರೆಗೆ ಅವರು ಎಲ್ಲೆಲ್ಲಿ ಕೈಯೂರುತ್ತಾರೆಂದು ನೋಡಬೇಕು. ಸಡಿಲವಾದ ನಲ್ಲಿ, ಗೋಡೆಯ ಮೇಲಿನ ಮಾಸಲು ಕೈಗುರುತು ಇವೂ ಅದನ್ನೇ ಹೇಳುತ್ತವೆ.

ನಾನೂ ಎಡವಿದ್ದೇನೆ. ಎಡಗೈ ಸ್ವಾಧೀನವಿಲ್ಲದ ಹಿರಿಯರೊಬ್ಬರ ಬಚ್ಚಲಿನಲ್ಲಿ, ಅವರು ಬಾಗಿಲಿಗೆ ಮುಖ ಮಾಡಿ ಕೂರುತ್ತಾರೆಂದು ಭಾವಿಸಿ, ಬಲಗೈಗೆ ಸಿಗುವಂತೆ ಹಿಡಿಕಂಬಿ ಹಾಕಿಸಿದೆ. ಅವರು ಕೂರುತ್ತಿದ್ದುದು ನಲ್ಲಿಗೆ ಮುಖ ಮಾಡಿ. ಹದಿನೈದು ದಿನ ಬಿಟ್ಟು ಹೋದಾಗ ಕಂಬಿಯ ಮೇಲೆ ಟವೆಲ್ ಒಣಗುತ್ತಿತ್ತು. ಕೆಲಸ ಮುಗಿದ ಮೇಲೆ ಮತ್ತೆ ಹೋಗಿ ನೋಡುವುದನ್ನು ನಾನು ರೂಢಿಸಿಕೊಂಡದ್ದು ಅಂದಿನಿಂದ.

ಅಳತೆಗಳಿಗೆ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ಕಟ್ಟಡಗಳನ್ನು ಅಂಗವಿಕಲರೂ ಸೇರಿದಂತೆ ಎಲ್ಲರೂ ಬಳಸುವಂತಿರಿಸಲು ತಂದ 2021ರ ಮಾರ್ಗಸೂಚಿಯನ್ನು ಓದಿ, ಆದರೆ ಅದು ಮುಖ್ಯವಾಗಿ ಸಾರ್ವಜನಿಕ ಕಟ್ಟಡಗಳನ್ನು ಗಮನದಲ್ಲಿಟ್ಟು ಬರೆದದ್ದೆಂಬುದು ನೆನಪಿರಲಿ. ರ‍್ಯಾಂಪಿನ ಇಳಿಜಾರು 1:12 ಎಂದರೆ, ಆರು ಇಂಚಿನ ಮೂರು ಮೆಟ್ಟಿಲುಗಳಿಗೆ, ಅಂದರೆ ಒಂದೂವರೆ ಅಡಿ ಎತ್ತರಕ್ಕೆ, 18 ಅಡಿ ಉದ್ದ ಬೇಕು. ಅಂಗಳದಲ್ಲಿ ಅಷ್ಟು ಜಾಗವಿಲ್ಲದೆ ಕಡಿದಾಗಿ ಕಟ್ಟಿಸಿದ ರ‍್ಯಾಂಪಿನಲ್ಲಿ ಗಾಲಿಕುರ್ಚಿ ತಳ್ಳುವ ಹೆಂಡತಿಯೇ ಜಾರಿ ಬಿದ್ದಾರು. ನಡೆಯಬಲ್ಲವರಿಗಾದರೆ ಎರಡೂ ಬದಿಗೆ ಗಟ್ಟಿ ಕಂಬಿಗಳಿರುವ, ಎತ್ತರ ಕಡಿಮೆ ಮಾಡಿದ ಮೆಟ್ಟಿಲುಗಳೇ ಮೇಲು.

ಮುಂಬಾಗಿಲಿನ ಹೊಸ್ತಿಲನ್ನು ಕಡಿಯಿರಿ ಎಂದು ಮಾತ್ರ ಹೇಳಬೇಡಿ. ದಿನಾ ಅರಿಶಿನ ಕುಂಕುಮ ಹಚ್ಚುವವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹೊಸ್ತಿಲು ಗಿಡ್ಡದಾಗಿದ್ದರೆ ಎರಡೂ ಕಡೆಗೆ ತೆಗೆದಿಡಬಹುದಾದ ಮರದ ಇಳಿಜಾರು ಹಲಗೆ ಸಾಕು.

ಇನ್ನು, ಒಳ್ಳೆಯ ಗಾರೆ ಮೇಸ್ತ್ರಿಯೊಬ್ಬರ ಸ್ನೇಹ ಮಾಡಿಕೊಳ್ಳಿ. ಮಣ್ಣಿನ ಗೋಡೆ, ಟೊಳ್ಳು ಇಟ್ಟಿಗೆಯ ಗೋಡೆ, ಕಾಂಕ್ರೀಟು ಇವುಗಳಲ್ಲಿ ಯಾವುದು ಇಡೀ ಮೈಭಾರ ಎಳೆದರೂ ಕಂಬಿಯನ್ನು ಬಿಡುವುದಿಲ್ಲವೆಂಬುದು ನಮ್ಮ ಪಠ್ಯದಲ್ಲಿಲ್ಲ. ಮೊದಲ ಕೆಲವು ಮನೆಗಳಿಗೆ ಅವರನ್ನೂ ಕರೆದೊಯ್ಯಿರಿ. ಗೋಡೆ ಬಡಿದು ಸದ್ದು ಕೇಳುವುದನ್ನು ಅವರಿಂದಲೇ ಕಲಿಯಬೇಕು.