ಕಾರಿನ ಸೌಲಭ್ಯಗಳೆಲ್ಲ ಬಳಕೆಗೆ ಬರುತ್ತವೆಯೇ?

ಪ್ರಶ್ನೆ: ಹೊಸ ಕಾರು ಕೊಳ್ಳಬೇಕೆಂದಿದ್ದೇನೆ. ಒಂದೇ ಮಾಡೆಲಿನ ಕೆಳದರ್ಜೆ ಮತ್ತು ಮೇಲ್ದರ್ಜೆಯ ಕಾರುಗಳ ಬೆಲೆಯಲ್ಲಿ ಬಹಳ ಅಂತರವಿದ್ದು, ಅದರ ಹೆಚ್ಚಿನ ಪಾಲು ಎಲೆಕ್ಟ್ರಾನಿಕ್ ಸೌಲಭ್ಯಗಳಿಂದಲೇ ಬಂದಂತೆ ಕಾಣುತ್ತದೆ. ಲೇನ್ ಬಿಟ್ಟರೆ ಎಚ್ಚರಿಸುವುದು, ಮುಂದಿನ ವಾಹನದ ವೇಗಕ್ಕೆ ತಕ್ಕಂತೆ ತಾನೇ ನಿಧಾನವಾಗುವುದು, ತಾನೇ ಬ್ರೇಕ್ ಹಾಕುವುದು, ತಾನೇ ಪಾರ್ಕ್ ಮಾಡುವುದು ಇತ್ಯಾದಿ. ಆದರೆ ಇಂಥ ಕಾರುಗಳಿರುವ ನನ್ನ ಸ್ನೇಹಿತರು ಇವನ್ನು ಬಳಸುವುದನ್ನು ನಾನು ಕಂಡದ್ದೇ ಅಪರೂಪ. ಚಾಲಕರು ನಿಜಕ್ಕೂ ಈ ತಂತ್ರಜ್ಞಾನವನ್ನು ಬಳಸುತ್ತಾರೆಯೇ? ಬಳಸದಿದ್ದರೆ ಇದಕ್ಕೆ ಹಣ ತೆರುವುದೇಕೆ?

ಉತ್ತರ: ನಿಮ್ಮ ಗುಮಾನಿಗೆ ಆಧಾರವಿದೆ. ಅಮೆರಿಕದ ಗ್ರಾಹಕ ಸಮೀಕ್ಷಾ ಸಂಸ್ಥೆ ಜೆ.ಡಿ. ಪವರ್ 2015ರಲ್ಲಿ, ಹೊಸ ವಾಹನ ಕೊಂಡು ಮೂರು ತಿಂಗಳಾಗಿದ್ದವರನ್ನು 33 ಬಗೆಯ ತಾಂತ್ರಿಕ ಸೌಲಭ್ಯಗಳ ಕುರಿತು ವಿಚಾರಿಸಿತ್ತು. ಅವುಗಳ ಪೈಕಿ 16 ಸೌಲಭ್ಯಗಳನ್ನು ಐವರಲ್ಲಿ ಒಬ್ಬರಾದರೂ ಒಮ್ಮೆಯೂ ಮುಟ್ಟಿರಲಿಲ್ಲ. ತಾನೇ ಪಾರ್ಕ್ ಮಾಡುವ ವ್ಯವಸ್ಥೆಯನ್ನು ಬಳಸದೇ ಇದ್ದವರು ಶೇ 35ರಷ್ಟಿದ್ದರು. ಆ ಸಮೀಕ್ಷೆಯ ನಂತರ ಕಾರುಗಳು ಬಹಳ ಬದಲಾಗಿವೆ, ಆದರೆ ಅಲ್ಲಿ ಜನ ಕೊಟ್ಟ ಕಾರಣಗಳು ಇಂದಿಗೂ ಹಾಗೆಯೇ ಕೇಳಿಬರುತ್ತವೆ: ತಮಗೆ ಅದರಿಂದ ಉಪಯೋಗ ಕಾಣಲಿಲ್ಲ, ಅಥವಾ ಬೇಕಾದ ಬೇರೊಂದು ಸೌಲಭ್ಯದ ಜೊತೆಗೆ ಅದು ಕಟ್ಟಿನಲ್ಲಿ ಬಂತು. ಕಾರು ಮಾರಿದವರು ವಿವರಿಸಿ ತೋರಿಸದ ಸೌಲಭ್ಯ ಮೂಲೆ ಸೇರುವ ಸಂಭವ ಹೆಚ್ಚೆಂಬುದೂ, ಮೊದಲ ತಿಂಗಳಲ್ಲಿ ಕೈಗೆ ಹತ್ತದ್ದು ಮುಂದೆಯೂ ಹತ್ತುವುದು ಕಷ್ಟವೆಂಬುದೂ ಆಗ ಕಂಡುಬಂದ ಸಂಗತಿಗಳೇ. ಕಾರು ಒಪ್ಪಿಸುವ ದಿನ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಪದ್ಧತಿಯನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ಆದರೆ ಈ ಲೆಕ್ಕವನ್ನು ಎಲ್ಲ ಸೌಲಭ್ಯಗಳಿಗೂ ಒಂದೇ ಸಮನಾಗಿ ಅನ್ವಯಿಸುವುದು ಸರಿಯಲ್ಲ. ಕಾರಿನಲ್ಲಿರುವ ಅತ್ಯಂತ ಉಪಯುಕ್ತ ತಂತ್ರಜ್ಞಾನವನ್ನು ಚಾಲಕ ಬಳಸಬೇಕಾಗಿಯೇ ಇಲ್ಲ. ಅದು ತನ್ನ ಹೊತ್ತು ಬರುವವರೆಗೆ ಸುಮ್ಮನಿದ್ದು, ಬೇಕಾದಾಗ ತಾನಾಗಿ ಕೆಲಸ ಮಾಡುತ್ತದೆ. ವಾಹನ ಜಾರತೊಡಗಿದಾಗ ಒಂದೊಂದು ಚಕ್ರಕ್ಕೆ ಬೇರೆಬೇರೆಯಾಗಿ ಬ್ರೇಕ್ ಹಾಕಿ ಅದನ್ನು ದಾರಿಗೆ ತರುವ ಸ್ಥಿರತಾ ನಿಯಂತ್ರಣ ವ್ಯವಸ್ಥೆ, ಅಂದರೆ ಇಎಸ್‌ಸಿ, 1995ರಲ್ಲಿ ಮಾರುಕಟ್ಟೆಗೆ ಬಂತು. ಒಂದೇ ವಾಹನ ಹತೋಟಿ ತಪ್ಪಿ ಸಂಭವಿಸುವ ಮಾರಣಾಂತಿಕ ಅಪಘಾತಗಳನ್ನು ಅದು ಸುಮಾರು ಅರ್ಧದಷ್ಟು ತಗ್ಗಿಸಿದೆಯೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ ಅಧ್ಯಯನಗಳು ಹೇಳುತ್ತವೆ. ಅದರಿಂದ ಜೀವ ಉಳಿದವರಲ್ಲಿ ಎಷ್ಟೋ ಮಂದಿಗೆ ಅದರ ಹೆಸರೂ ತಿಳಿದಿರಲಿಕ್ಕಿಲ್ಲ. ನಿಮ್ಮ ಸ್ನೇಹಿತರೂ ಇದೇ ಅರ್ಥದಲ್ಲಿ ತಮ್ಮ ಕಾರಿನ ತಂತ್ರಜ್ಞಾನವನ್ನು ದಿನವೂ ಬಳಸುತ್ತಿರಬಹುದು. ಪಕ್ಕದ ಆಸನದಲ್ಲಿ ಕುಳಿತ ನಿಮಗೆ ಅದು ಕಾಣುವಂಥದ್ದಲ್ಲ.

ತಾನಾಗಿ ಕೆಲಸ ಮಾಡುವ ವ್ಯವಸ್ಥೆಗಳಲ್ಲೂ ಮನುಷ್ಯನ ಸ್ವಭಾವ ಅಡ್ಡ ಬರುವುದುಂಟು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಉರುಳುವುದನ್ನು ನಿಲ್ಲಿಸಿ ಜಾರದಂತೆ ತಡೆಯುವ ಎಬಿಎಸ್ 1978ರಲ್ಲಿ ಬಾಷ್ ಕಂಪನಿಯಿಂದ ಮರ್ಸಿಡಿಸ್-ಬೆಂಜ್ ಕಾರುಗಳಿಗೆ ಬಂತು. ಅದು ಕೆಲಸ ಮಾಡುವಾಗ ಪೆಡಲ್ ಕಾಲಡಿಯಲ್ಲಿ ಅದುರುತ್ತದೆ. ಇದನ್ನು ಅರಿಯದ ಚಾಲಕರು ಏನೋ ಕೆಟ್ಟಿತೆಂದು ಹೆದರಿ, ಎಲ್ಲಕ್ಕಿಂತ ಹೆಚ್ಚು ಒತ್ತಬೇಕಾದ ಕ್ಷಣದಲ್ಲಿ ಕಾಲನ್ನು ಸಡಿಲಿಸುತ್ತಿದ್ದರು. ತುರ್ತಿನಲ್ಲಿಯೂ ಬಹುಪಾಲು ಚಾಲಕರು ಸಾಕಷ್ಟು ಬಲವಾಗಿ ಬ್ರೇಕ್ ಒತ್ತುವುದಿಲ್ಲವೆಂದು ಮನಗಂಡ ಮರ್ಸಿಡಿಸ್, ಆ ಕೊರತೆಯನ್ನು ತುಂಬಿಕೊಡುವ ಬ್ರೇಕ್ ಅಸಿಸ್ಟ್ ವ್ಯವಸ್ಥೆಯನ್ನು 1996ರಲ್ಲಿ ಅಳವಡಿಸಿತು. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ಇನ್ನೂ ಕಸಿವಿಸಿಯ ಸಂಗತಿ ಬೆಳಕಿಗೆ ಬಂತು. ಎಬಿಎಸ್ ಇದ್ದ ಟ್ಯಾಕ್ಸಿಗಳಿಗೆ ಅದು ಇಲ್ಲದವಕ್ಕಿಂತ ಹೇಳಿಕೊಳ್ಳುವಷ್ಟು ಕಡಿಮೆ ಅಪಘಾತಗಳಾಗಲಿಲ್ಲ, ಏಕೆಂದರೆ ಅವುಗಳ ಚಾಲಕರು ಹೆಚ್ಚು ಧೈರ್ಯದಿಂದ, ಅಂದರೆ ಹೆಚ್ಚು ಒರಟಾಗಿ, ಓಡಿಸತೊಡಗಿದ್ದರು. ಯಂತ್ರ ಕೊಟ್ಟ ಸುರಕ್ಷತೆಯನ್ನು ಅವರು ವೇಗಕ್ಕಾಗಿ ಖರ್ಚು ಮಾಡಿದರೆನ್ನಬಹುದು.

ಇನ್ನು ನೀವು ಹೆಸರಿಸಿದವುಗಳ ವಿಚಾರ. ತಾನೇ ಬ್ರೇಕ್ ಹಾಕುವ ವ್ಯವಸ್ಥೆಗೆ ಹಣ ಕೊಡಲು ಹಿಂಜರಿಯಬೇಡಿ. ಮುಂದಿನ ವಾಹನದ ಹಿಂಭಾಗಕ್ಕೆ ಗುದ್ದುವ ಅಪಘಾತಗಳನ್ನು ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಕೇವಲ ಎಚ್ಚರಿಕೆ ಕೊಟ್ಟು ಸುಮ್ಮನಾಗುವ ವ್ಯವಸ್ಥೆಯ ಲಾಭ ಇದರ ಅರ್ಧದಷ್ಟು ಮಾತ್ರ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈನಿಂದ ನೋಂದಣಿಯಾಗುವ ಎಲ್ಲ ಹೊಸ ಕಾರುಗಳಲ್ಲೂ ಇದು ಕಡ್ಡಾಯವಾಗಿದೆ. ಚಾಲಕರು ಇದನ್ನು ಆಫ್ ಮಾಡುವುದೂ ಕಡಿಮೆ. ಮೇಲೆ ಹೇಳಿದ ವಿಮಾ ಸಂಸ್ಥೆಯವರು ಸರ್ವಿಸ್‌ಗೆ ಬಂದ ಕಾರುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಡಿಕ್ಕಿ ತಡೆಯುವ ವ್ಯವಸ್ಥೆ ಶೇ 93ರಷ್ಟು ಕಾರುಗಳಲ್ಲಿ ಚಾಲೂ ಇತ್ತು. ಲೇನ್ ಎಚ್ಚರಿಕೆ ಚಾಲೂ ಇದ್ದದ್ದು ಸುಮಾರು ಅರ್ಧದಷ್ಟು ಕಾರುಗಳಲ್ಲಿ ಮಾತ್ರ. ಮೊದಲನೆಯದು ವರ್ಷದಲ್ಲಿ ಒಂದೆರಡು ಬಾರಿ ಬಾಯಿ ತೆರೆಯುವಂಥದ್ದು. ಎರಡನೆಯದು ಒಂದೇ ಪ್ರಯಾಣದಲ್ಲಿ ಹತ್ತಾರು ಸಲ ಕೂಗಬಹುದು, ಮತ್ತು ಆ ಕೂಗುಗಳಲ್ಲಿ ಹೆಚ್ಚಿನವು ಚಾಲಕ ತಿಳಿದೇ ಗೆರೆ ದಾಟಿದಾಗ ಏಳುವಂಥವು. ಮನೆಯ ಬಾಗಿಲಿಗೆ ಗಾಳಿ ಬಡಿದಾಗಲೆಲ್ಲ ಬೊಗಳುವ ನಾಯಿಯ ಮಾತನ್ನು ಯಾರೂ ನಂಬುವುದಿಲ್ಲ.

ಮುಂದಿನ ವಾಹನವನ್ನು ನೋಡಿ ವೇಗ ಹೊಂದಿಸಿಕೊಳ್ಳುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಬೇರೆಯೇ ಜಾತಿಗೆ ಸೇರಿದ್ದು. ಪ್ರತಿಸಲವೂ ಗುಂಡಿ ಒತ್ತಿ ಅದನ್ನು ಕರೆಯಬೇಕು, ವೇಗವನ್ನೂ ಅಂತರವನ್ನೂ ಹೇಳಬೇಕು, ಮೊದಮೊದಲು ಬ್ರೇಕಿನ ಮೇಲಿಂದ ಕಾಲು ತೆಗೆದು ಕುಳಿತುಕೊಳ್ಳುವ ಅಳುಕನ್ನೂ ಮೀರಬೇಕು. ಉದ್ದನೆಯ ಹೆದ್ದಾರಿಯಲ್ಲಿ ತಾಸುಗಟ್ಟಲೆ ಓಡಿಸುವವರು ಇದಕ್ಕೆ ಬೇಗ ಒಗ್ಗಿಕೊಳ್ಳುತ್ತಾರೆ, ಒಗ್ಗಿಕೊಂಡ ಮೇಲೆ ಬಿಡುವುದಿಲ್ಲ. ಊರೊಳಗಿನ ಓಡಾಟವೇ ಹೆಚ್ಚಾಗಿರುವವರಿಗೆ ಇದು ಎಂದೂ ನೆನಪಾಗದ ಗುಂಡಿ. ತಾನೇ ಪಾರ್ಕ್ ಮಾಡುವ ಸೌಲಭ್ಯದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹಿಂದೆ ಕಾಯುತ್ತಿರುವವರು ಹಾರ್ನ್ ಒತ್ತತೊಡಗಿದಾಗ ಯಂತ್ರಕ್ಕೆ ಜಾಗ ಹುಡುಕಲು ಬಿಡುವಷ್ಟು ತಾಳ್ಮೆ ಕೆಲವರಿಗೆ ಮಾತ್ರ ಇರುತ್ತದೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಬಳಸದೇ ಬಿಡುವವರಿಗಿಂತ, ಇಲ್ಲದ ಶಕ್ತಿಯನ್ನು ಯಂತ್ರಕ್ಕೆ ಆರೋಪಿಸಿ ಬಳಸುವವರ ಬಗ್ಗೆ ನನಗೆ ಹೆಚ್ಚು ಆತಂಕವಿದೆ. ಅಮೆರಿಕದಲ್ಲಿ ಸಂಚಾರ ಸುರಕ್ಷತೆಯ ಅಧ್ಯಯನ ನಡೆಸುವ ಎಎಎ ಪ್ರತಿಷ್ಠಾನಕ್ಕಾಗಿ ಅಯೋವಾ ವಿಶ್ವವಿದ್ಯಾಲಯ ನಡೆಸಿ 2018ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಬ್ಲೈಂಡ್ ಸ್ಪಾಟ್ ಎಚ್ಚರಿಕೆಯುಳ್ಳ, ಅಂದರೆ ಕನ್ನಡಿಗಳಲ್ಲಿ ಕಾಣದ ಪಕ್ಕದ ಜಾಗದಲ್ಲಿ ವಾಹನ ಇದ್ದರೆ ತಿಳಿಸುವ, ಕಾರಿನ ಚಾಲಕರಲ್ಲಿ ಶೇ 80ರಷ್ಟು ಮಂದಿಗೆ ಅದರ ಮಿತಿಗಳು ತಿಳಿದಿರಲಿಲ್ಲ. ಸೈಕಲ್ ಸವಾರರನ್ನೂ ಪಾದಚಾರಿಗಳನ್ನೂ ಅತಿವೇಗದಿಂದ ಬರುವ ವಾಹನಗಳನ್ನೂ ಅದು ತಪ್ಪದೆ ಗುರುತಿಸುತ್ತದೆಂದು ಹಲವರು ನಂಬಿದ್ದರು. ಕತ್ತು ತಿರುಗಿಸಿ ನೋಡದೆ ಇಂಥ ವ್ಯವಸ್ಥೆಯನ್ನೇ ನಂಬಲು ತಮಗೆ ಅಳುಕಿಲ್ಲವೆಂದು ಕಾಲುಭಾಗದಷ್ಟು ಚಾಲಕರು ಹೇಳಿದ್ದರು. ಅಡಾಪ್ಟಿವ್ ಕ್ರೂಸ್ ಕಂಟ್ರೋಲಿನಲ್ಲೂ ಇಂಥದೇ ಒಂದು ಹಳ್ಳ ಇದೆ, ಅದರಲ್ಲಿ ಬೀಳದವರು ಕಡಿಮೆ. ಅದು ಮುಂದಿನ ವಾಹನವನ್ನು ಸಾಮಾನ್ಯವಾಗಿ ರೇಡಾರ್ ಅಲೆಗಳನ್ನು ಕಳಿಸಿ ಗುರುತಿಸುತ್ತದೆ; ರಸ್ತೆ ಬದಿಯ ಫಲಕ, ಸೇತುವೆ, ಕಂಬಗಳಿಂದ ಮರಳುವ ಅಲೆಗಳಿಗೆಲ್ಲ ಬ್ರೇಕ್ ಹಾಕುತ್ತ ಹೋದರೆ ಕಾರು ಓಡುವುದೇ ಇಲ್ಲ. ಆದ್ದರಿಂದ ಅನೇಕ ವ್ಯವಸ್ಥೆಗಳು, ಅದರಲ್ಲೂ ಹೆಚ್ಚಿನ ವೇಗದಲ್ಲಿ, ಮೊದಲಿನಿಂದಲೂ ನಿಂತೇ ಇರುವ ವಸ್ತುವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಬಹುದು. ಮುಂದೆ ಹೋಗುತ್ತಿದ್ದ ವಾಹನ ಪಕ್ಕಕ್ಕೆ ಸರಿದು, ಅದರಾಚೆ ಕೆಟ್ಟು ನಿಂತ ಲಾರಿ ಥಟ್ಟನೆ ಎದುರಾದಾಗ ಬ್ರೇಕ್ ಹಾಕಬೇಕಾದವರು ನೀವೇ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಕ್ರಮಿಸುತ್ತದೆಂಬುದು ನೆನಪಿರಲಿ.

ಹಾಗಾಗಿ ನಿಮ್ಮ ಆಯ್ಕೆಗೆ ನನ್ನ ಸಲಹೆ ಇದು. ಇಎಸ್‌ಸಿ, ಏರ್‌ಬ್ಯಾಗ್, ತಾನೇ ಬ್ರೇಕ್ ಹಾಕುವ ವ್ಯವಸ್ಥೆ, ಇವು ಕೆಳದರ್ಜೆಯ ಕಾರಿನಲ್ಲೇ ಇದ್ದರೆ ಅದನ್ನೇ ಕೊಳ್ಳಬಹುದು; ಇಲ್ಲದಿದ್ದರೆ ಅವುಗಳಿಗಾಗಿ ಮೇಲಿನ ದರ್ಜೆಗೆ ಏರುವುದು ದುಂದಲ್ಲ. ಕ್ರೂಸ್ ಕಂಟ್ರೋಲ್ ಬೇಕೇ ಎಂಬುದನ್ನು ನಿಮ್ಮ ಓಡಾಟ ನೋಡಿ ತೀರ್ಮಾನಿಸಿ. ಉಳಿದವನ್ನು ಪರೀಕ್ಷಾ ಚಾಲನೆಯಲ್ಲಿ, ಮಾರುವವರ ಸಹಾಯವಿಲ್ಲದೆ, ನೀವೇ ಬಳಸಿ ನೋಡಿ. ಆಗ ತೊಡಕೆನಿಸಿದ್ದು ಮನೆಗೆ ಬಂದ ಮೇಲೆ ಸುಲಭವಾಗುವುದು ಅಪರೂಪ.

ಪ್ರಶ್ನೆ: ನನ್ನ ಕಾರಿನಲ್ಲಿ ಲೇನ್ ಎಚ್ಚರಿಕೆಯ ಸದ್ದು ತಲೆನೋವು ತರಿಸುತ್ತದೆ. ಪ್ರತಿಸಲ ಕಾರು ಚಾಲೂ ಮಾಡಿದಾಗಲೂ ಅದನ್ನು ಆಫ್ ಮಾಡುತ್ತೇನೆ. ಅದಕ್ಕೆ ಟಚ್ ಸ್ಕ್ರೀನಿನಲ್ಲಿ ಮೂರು ಪುಟ ದಾಟಬೇಕು. ಇದು ತಪ್ಪೇ?

ಉತ್ತರ: ಪೂರ್ತಿ ಆಫ್ ಮಾಡುವ ಮುನ್ನ ಸೆಟ್ಟಿಂಗ್ಸ್ ತೆರೆದು ನೋಡಿ. ಬಹಳಷ್ಟು ಕಾರುಗಳಲ್ಲಿ ಎಚ್ಚರಿಕೆಯ ತೀವ್ರತೆಯನ್ನು ಕಡಿಮೆ ಮಾಡಬಹುದು, ಸದ್ದಿನ ಬದಲು ಸ್ಟೀರಿಂಗ್ ಅದುರುವಂತೆ ಮಾಡಿಕೊಳ್ಳಬಹುದು. ಸದ್ದು ಮಾಡುವ ವ್ಯವಸ್ಥೆಗಿಂತ ಅದುರಿ ತಿಳಿಸುವ ವ್ಯವಸ್ಥೆಯನ್ನು ಚಾಲಕರು ಚಾಲೂ ಇಡುವುದು ಹೆಚ್ಚೆಂದು ಮೇಲೆ ಹೇಳಿದ 2017ರ ವರದಿಯಲ್ಲೂ ಕಂಡುಬಂದಿದೆ. ಸದ್ದಾದರೆ ಕಾರಿನಲ್ಲಿರುವವರೆಲ್ಲರ ಎದುರು ಚಾಲಕನ ತಪ್ಪು ಸಾರಿದಂತಾಗುತ್ತದೆ, ಅದನ್ನು ಯಾರು ತಾನೇ ಸಹಿಸಿಯಾರು! ಇಂಡಿಕೇಟರ್ ಹಾಕಿ ಲೇನ್ ಬದಲಿಸಿದರೆ ಈ ವ್ಯವಸ್ಥೆ ಸುಮ್ಮನಿರುತ್ತದೆ ಎಂಬುದನ್ನೂ ಗಮನಿಸಿ. ನಿಮ್ಮ ತಲೆನೋವಿನ ಒಂದು ಪಾಲು ಇಂಡಿಕೇಟರ್ ಹಾಕದಿರುವುದರಿಂದ ಬಂದಿರಬಹುದು. ಗೆರೆಗಳು ಅಳಿಸಿಹೋದ, ಇಕ್ಕಟ್ಟಾದ ರಸ್ತೆಗಳಲ್ಲಿ ಅದನ್ನು ಆಫ್ ಮಾಡುವುದರಲ್ಲಿ ತಪ್ಪಿಲ್ಲ. ರಾತ್ರಿಯ ದೂರದ ಪ್ರಯಾಣದಲ್ಲಿ, ತೂಕಡಿಕೆ ಬರುವ ಹೊತ್ತಿನಲ್ಲಿ, ಅದು ಇರಲಿ.

ಮೂರು ಪುಟ ದಾಟುವ ನಿಮ್ಮ ದೂರು ಮಾತ್ರ ಸಂಪೂರ್ಣ ನ್ಯಾಯವಾದದ್ದು. ಸ್ವೀಡನ್ನಿನ ವಾಹನ ಪತ್ರಿಕೆಯೊಂದು 2022ರಲ್ಲಿ, ಗಂಟೆಗೆ 110 ಕಿ.ಮೀ. ವೇಗದಲ್ಲಿ ನಾಲ್ಕು ಸರಳ ಕೆಲಸಗಳನ್ನು ಮಾಡಿ ಮುಗಿಸಲು ಎಷ್ಟು ಹೊತ್ತು ಬೇಕೆಂದು ಹಲವು ಕಾರುಗಳಲ್ಲಿ ಅಳೆಯಿತು. ಗುಂಡಿಗಳಿದ್ದ 2005ರ ವೋಲ್ವೋ ಕಾರಿನಲ್ಲಿ 10 ಸೆಕೆಂಡು ಸಾಕಾದವು. ಟಚ್ ಸ್ಕ್ರೀನ್ ಇದ್ದ ಹೊಸ ಕಾರುಗಳಲ್ಲೊಂದಕ್ಕೆ ಸುಮಾರು 45 ಸೆಕೆಂಡು ಬೇಕಾದವು, ಅಷ್ಟರಲ್ಲಿ ಅದು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿತ್ತು. ಇಂಡಿಕೇಟರ್, ಹಾರ್ನ್, ವೈಪರ್, ಅಪಾಯ ಸೂಚಕ ದೀಪ, ತುರ್ತು ಕರೆ, ಈ ಐದಕ್ಕೆ ಕೈಗೆಟಕುವ ಪ್ರತ್ಯೇಕ ಗುಂಡಿ ಅಥವಾ ಲಿವರ್‌ಗಳಿರಬೇಕೆಂದು, ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ ತನ್ನ 2026ರ ಮೌಲ್ಯಮಾಪನದಲ್ಲಿ ಸೇರಿಸಿರುವುದು ಈ ಹಿನ್ನೆಲೆಯಲ್ಲಿಯೇ. ನೀವು ಮಾಡಬೇಕಾದದ್ದು ಒಂದೇ: ಆಫ್ ಮಾಡುವುದಿದ್ದರೆ ಕಾರು ಹೊರಡುವ ಮುನ್ನವೇ ಮಾಡಿ. ಸ್ಟೀರಿಂಗಿನ ಮೇಲೆ ಇಷ್ಟಬಂದ ಕೆಲಸಕ್ಕೆ ಹೊಂದಿಸಿಕೊಳ್ಳುವ ಗುಂಡಿಯೇನಾದರೂ ಇದ್ದರೆ ಅದನ್ನು ಇದಕ್ಕೇ ಮೀಸಲಿಡಿ.

ಪ್ರಶ್ನೆ: ನಮ್ಮ ತಂದೆಯವರಿಗೆ 70 ದಾಟಿದೆ, ಈಗಲೂ ಕಾರು ಓಡಿಸುತ್ತಾರೆ. ಹೊಸ ಕಾರಿನ ಸೌಲಭ್ಯಗಳಿಂದ ಅವರಿಗೆ ಗೊಂದಲವಾಗುತ್ತಿದೆ. ಎಲ್ಲವನ್ನೂ ಆಫ್ ಮಾಡಿಕೊಡಲೇ?

ಉತ್ತರ: ಬೇಡ. ಕತ್ತು ಸುಲಭವಾಗಿ ಹೊರಳದ ವಯಸ್ಸಿನಲ್ಲಿ ರಿವರ್ಸ್ ಕ್ಯಾಮೆರಾದ ಉಪಯೋಗ ಎಳೆಯರಿಗಿಂತ ಹೆಚ್ಚು. ಹಿಂದಕ್ಕೆ ತೆಗೆಯುವಾಗ ಆಗುವ ಅಪಘಾತಗಳ ಅಧ್ಯಯನಗಳಲ್ಲೂ ಇದು ಕಂಡುಬಂದಿದೆ. ಅದನ್ನೂ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯನ್ನೂ ಉಳಿಸಿಕೊಳ್ಳಿ, ಉಳಿದವನ್ನು ಸದ್ಯಕ್ಕೆ ಆಫ್ ಮಾಡಿಡಿ. ಬಳಿಕ ವಾಹನಗಳಿಲ್ಲದ ಮೈದಾನಕ್ಕೆ ಕರೆದೊಯ್ದು ವಾರಕ್ಕೊಂದರಂತೆ ಪರಿಚಯಿಸಿ. ಯಾವ ಸದ್ದಿಗೆ ಏನು ಅರ್ಥವೆಂದು ಅವರು ನೋಡದೆಯೇ ಹೇಳುವಂತಾಗಬೇಕು. ಎಬಿಎಸ್ ಕೆಲಸ ಮಾಡುವಾಗಿನ ಪೆಡಲಿನ ಅದುರುವಿಕೆಯನ್ನೂ ಅಲ್ಲಿಯೇ, ಕಡಿಮೆ ವೇಗದಲ್ಲಿ, ಮಣ್ಣಿನ ನೆಲದ ಮೇಲೆ ಒಮ್ಮೆ ಅನುಭವಕ್ಕೆ ತಂದುಕೊಡಿ. ಕ್ಯಾಮೆರಾದ ಗಾಜನ್ನು ಆಗಾಗ ಒರೆಸುವುದನ್ನು ಮರೆಯಬೇಡಿ. ಮುಂಗಾಜು ಬದಲಿಸಬೇಕಾಗಿ ಬಂದರೆ, ಅದರ ಹಿಂದಿರುವ ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸಿದ್ದಾರೆಯೇ ಎಂದು ಸರ್ವಿಸ್‌ನವರಲ್ಲಿ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಕಾರನ್ನು ತಂದೆಯವರ ಕೈಗೆ ಕೊಡಿ.